ಬೀಗದ ಕೈ ಬೇಡ, ಗಡಿಯಾರ ನೋಡಿ

ಫಿಟ್ಸ್ ಬಂದವರ ಕೈಗೆ ಬೀಗದ ಕೈ ಅಥವಾ ಕಬ್ಬಿಣದ ತುಂಡು ಹಿಡಿಸಿದರೆ ಅದು ನಿಲ್ಲುತ್ತದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ಫಿಟ್ಸ್ ನಿಲ್ಲುವುದೂ ನಿಜವೇ. ಆದರೆ ಅದನ್ನು ನಿಲ್ಲಿಸುವುದು ಕಬ್ಬಿಣವಲ್ಲ, ಸ್ವತಃ ಮೆದುಳು. ಅದು ಹೇಗೆ?

ಮೆದುಳಿನ ನರಕೋಶಗಳ ನಡುವೆ ಸುದ್ದಿ ಒಯ್ಯುವುದು ಕೆಲವು ರಾಸಾಯನಿಕಗಳು. ಅವುಗಳಲ್ಲಿ ಗ್ಲುಟಮೇಟ್ ಕೋಶವನ್ನು ಕೆರಳಿಸುತ್ತದೆ, ಗ್ಯಾಬಾ ತಣಿಸುತ್ತದೆ. ಇವು ಬಂದು ಕೂರಲು ಕೋಶದ ಹೊರಪೊರೆಯಲ್ಲಿ ಪ್ರೋಟೀನಿನಿಂದಾದ ‘ಗ್ರಾಹಕ’ಗಳಿವೆ. ಗ್ಯಾಬಾ ತನ್ನ ಗ್ರಾಹಕದಲ್ಲಿ ಕುಳಿತೊಡನೆ ಪುಟ್ಟ ಬಾಗಿಲೊಂದು ತೆರೆದು ಕ್ಲೋರೈಡ್ ಅಯಾನುಗಳು ಒಳಗೆ ಬರುತ್ತವೆ, ಕೋಶ ಶಾಂತವಾಗುತ್ತದೆ. ಕೆರಳಿಸುವ ಮತ್ತು ತಣಿಸುವ ಶಕ್ತಿಗಳ ಸಮತೋಲ ತಪ್ಪಿ, ಅಸಂಖ್ಯ ಕೋಶಗಳು ಒಮ್ಮೆಗೇ ಕೆರಳಿದರೆ ಅದೇ ಫಿಟ್ಸ್. ಅದು ಪದೇ ಪದೇ ಮರುಕಳಿಸುವುದೇ ಮೂರ್ಛೆರೋಗ. ಕೆಲವರಲ್ಲಿ ಗ್ಯಾಬಾ ಗ್ರಾಹಕವನ್ನು ರೂಪಿಸುವ ಜೀನಿನಲ್ಲೇ ದೋಷವಿರುತ್ತದೆ.

ಜರ್ಮನಿಯ ವೈದ್ಯ ಆಲ್ಫ್ರೆಡ್ ಹಾಪ್ಟ್‌ಮನ್ 1912ರಲ್ಲಿ ಈ ರೋಗಕ್ಕೆ ಬಳಸಿದ ಫಿನೊಬಾರ್ಬಿಟಾಲ್ ಇಂದಿಗೂ ಬಳಕೆಯಲ್ಲಿದೆ. ಮೆದುಳಿನಲ್ಲಿ ಗ್ಯಾಬಾ ಇದೆಯೆಂದು ತಿಳಿದದ್ದೇ 1950ರಲ್ಲಿ! ಆ ಬಾಗಿಲನ್ನು ಹೆಚ್ಚು ಹೊತ್ತು ತೆರೆದಿಡುವುದೇ ಈ ಔಷಧಿಯ ಗುಟ್ಟೆಂದು ಗೊತ್ತಾದದ್ದು ಇನ್ನೂ ತಡವಾಗಿ. ಡಯಜೆಪಾಮ್, ಮಿಡಜೋಲಾಮ್‌ಗಳು ಅದೇ ಬಾಗಿಲು ಮತ್ತೆ ಮತ್ತೆ ತೆರೆಯುವಂತೆ ಮಾಡುತ್ತವೆ. 2012ರಲ್ಲಿ ಬಳಕೆಗೆ ಒಪ್ಪಿಗೆ ಪಡೆದ ಪೆರಾಂಪನೆಲ್ ಗ್ಲುಟಮೇಟ್‌ನ ಒಂದು ಬಗೆಯ ಗ್ರಾಹಕಕ್ಕೆ ತಡೆಯೊಡ್ಡುತ್ತದೆ.

ಎಲ್ಲರೂ ತಿಳಿದಿರಬೇಕಾದ ಸಂಗತಿ ಇನ್ನೊಂದಿದೆ. ಫಿಟ್ಸ್ ನಿಲ್ಲದೆ ಮುಂದುವರಿದರೆ ನರಕೋಶಗಳು ಹೊರಪೊರೆಯಲ್ಲಿರುವ ಗ್ಯಾಬಾ ಗ್ರಾಹಕಗಳನ್ನು ಒಳಕ್ಕೆ ಎಳೆದುಕೊಳ್ಳತೊಡಗುತ್ತವೆ. ಗ್ರಾಹಕವೇ ಇಲ್ಲವಾದರೆ ಔಷಧಿ ಕೆಲಸ ಮಾಡುವುದೆಲ್ಲಿ? ಆರಂಭದಲ್ಲಿ ಸುಲಭವಾಗಿ ನಿಲ್ಲುತ್ತಿದ್ದ ಫಿಟ್ಸ್ ತಡವಾದಷ್ಟೂ ಹಟಮಾರಿಯಾಗುತ್ತದೆ.

ಆದ್ದರಿಂದ ಯಾರಿಗಾದರೂ ಫಿಟ್ಸ್ ಬಂದಾಗ ಮೊದಲು ಗಡಿಯಾರ ನೋಡಿ. ಕೈಕಾಲು ಬಿಗಿಯಾಗಿ ಹಿಡಿಯಬೇಡಿ. ಬಾಯಿಗೆ ಚಮಚ, ನೀರು ಏನನ್ನೂ ಹಾಕಬೇಡಿ. ಒಂದು ಮಗ್ಗುಲಿಗೆ ಮಲಗಿಸಿ, ಕತ್ತಿನ ಬಳಿಯ ಬಟ್ಟೆ ಸಡಿಲಿಸಿ. ವೈದ್ಯರು ಮೊದಲೇ ಮೂಗಿಗೆ ಸಿಂಪಡಿಸುವ ಮಿಡಜೋಲಾಮ್ ಕೊಟ್ಟಿದ್ದರೆ ಅವರು ಹೇಳಿದಂತೆ ಬಳಸಿ. 5 ನಿಮಿಷವಾದರೂ ನಿಲ್ಲದಿದ್ದರೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ.

ಪರೀಕ್ಷೆಗೆ ಓದುವಾಗ ನಿದ್ದೆ ಬರುತ್ತದೆಂದೋ, ಆರು ತಿಂಗಳಿಂದ ಫಿಟ್ಸ್ ಬಂದಿಲ್ಲವೆಂದೋ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಮೆದುಳು ಆ ನೆರವಿಗೆ ಹೊಂದಿಕೊಂಡಿರುತ್ತದೆ. ದಿಢೀರನೆ ತಪ್ಪಿಸಿದರೆ ದೀರ್ಘವಾದ ಫಿಟ್ಸ್ ಬರುವ ಅಪಾಯವಿದೆ. ತೊಂದರೆಯಿದ್ದರೆ ವೈದ್ಯರಿಗೆ ತಿಳಿಸಿ. ಪ್ರಮಾಣ ತಗ್ಗಿಸಲು ಅಥವಾ ಮಾತ್ರೆ ಬದಲಿಸಲು ದಾರಿಗಳಿವೆ.