ಹವ್ಯಾಸವೂ ಹಂಬಲವೂ

ಕೆಲವು ತಿಂಗಳ ಹಿಂದೆ ದಾವಣಗೆರೆಯ ಕಡೆಯ ಓರ್ವ ತಾಯಿಯವರಿಂದ ನನಗೊಂದು ಪತ್ರ ಬಂದಿತು. ಅವರ ಮಗ ಬೆಂಗಳೂರಿನಲ್ಲಿ ಗಣಕಯಂತ್ರದ ಉದ್ಯೋಗದಲ್ಲಿರುವನು. ದುಶ್ಚಟಗಳಿಲ್ಲ, ಇಷ್ಟಲಿಂಗಪೂಜೆಯನ್ನು ಬಿಟ್ಟವನಲ್ಲ, ತಿಂಗಳಿಗೊಮ್ಮೆ ಊರಿಗೆ ಬಂದು ಹೋಗುವ ಸುಪುತ್ರ. ಆದರೆ ಅವನಿಗೆ ವಿದ್ಯುತ್ ಗಿಟಾರುಗಳ ಹುಚ್ಚು. ಈಗಾಗಲೇ ಐದು ಇವೆ. ಆರನೆಯದನ್ನು ಎರಡೂವರೆ ಲಕ್ಷ ರೂಪಾಯಿಗೆ ಕಂತಿನ ಸಾಲದಲ್ಲಿ ಕೊಳ್ಳಲು ಹೊರಟಿದ್ದಾನೆ. ಮನೆಯ ಮೇಲೆ ಸಾಲವಿದೆ, ತಂಗಿಯ ಮದುವೆ ಮುಂದಿದೆ. ತಂದೆಯವರು ಸಿಟ್ಟಿನಲ್ಲಿ "ಐದು ಕಟ್ಟಿಗೆ ಸಾಲಲಿಲ್ಲವೇನು?" ಎಂದುಬಿಟ್ಟರಂತೆ. ಅಂದಿನಿಂದ ತಂದೆ ಮಕ್ಕಳಲ್ಲಿ ಮಾತಿಲ್ಲ. "ನೋಡಲಿಕ್ಕೆ ಎಲ್ಲವೂ ಒಂದೇ ತೆರನಾಗಿವೆ ಗುರುಗಳೇ. ಇದು ಹವ್ಯಾಸವೋ ದುರಾಸೆಯೋ, ತಾವೇ ತಿಳಿಸಬೇಕು" ಎಂದು ಆ ತಾಯಿ ಕೇಳಿದ್ದರು.

ಮಠದಲ್ಲಿ ಬೆಳೆದು ಓದಿದ ನನಗೆ ಏಕತಾರಿ, ಹಾರ್ಮೋನಿಯಂ, ತಬಲಗಳ ಪರಿಚಯವುಂಟೇ ಹೊರತು ಈ ವಾದ್ಯದ ಗಂಧವಿರಲಿಲ್ಲ. ತಿಳಿಯದ ವಿಷಯದಲ್ಲಿ ತೀರ್ಪು ಕೊಡುವುದು ತಿಳಿದವರ ಲಕ್ಷಣವಲ್ಲ. ಆದುದರಿಂದ ಒಂದು ಸಮಾರಂಭದ ನಿಮಿತ್ತ ಬೆಂಗಳೂರಿಗೆ ಹೋದಾಗ ಆ ಹುಡುಗನ ಕೋಣೆಗೆ ಹೋದೆನು. ಐದು ಗಿಟಾರುಗಳು ಗೋಡೆಗೆ ಸಾಲಾಗಿ ತೂಗುಬಿದ್ದಿದ್ದವು. ಉಪದೇಶಕ್ಕೆ ಬಂದಿರಬಹುದೆಂದು ಅವನು ಮೊದಲು ಮುದುಡಿದನು. "ಉಪದೇಶಕ್ಕಲ್ಲಪ್ಪಾ, ಪಾಠ ಹೇಳಿಸಿಕೊಳ್ಳಲು ಬಂದಿದ್ದೇನೆ. ಇವುಗಳಲ್ಲಿ ಭೇದವೇನು, ಹೇಳು" ಎಂದೆನು. ಅವನ ಮುಖವರಳಿತು.

ಅವನಿಂದ ಕಲಿತದ್ದನ್ನು ಮೊದಲು ನಿವೇದಿಸುತ್ತೇನೆ. ನಮ್ಮ ವೀಣೆಗೆ ಟೊಳ್ಳಾದ ಕೊಡವಿದೆ; ತಂತಿಯ ನಾದವು ಅದರಲ್ಲಿ ತುಂಬಿ ಹೊರಹೊಮ್ಮುತ್ತದೆ. ಸಾಮಾನ್ಯವಾಗಿ ವಿದ್ಯುತ್ ಗಿಟಾರಿನ ಒಡಲು ಗಟ್ಟಿ ಹಲಗೆ. ಹಾಗೆಯೇ ಮೀಟಿದರೆ ಪಕ್ಕದ ಕೋಣೆಗೂ ಕೇಳದು. ತಂತಿಗಳ ಅಡಿಯಲ್ಲಿ ಪಿಕಪ್ ಎಂಬ ಭಾಗವಿದೆ. ಅದು ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಮೇಲಿನ ಉಕ್ಕಿನ ತಂತಿ ಕಂಪಿಸಿದಾಗ ಅಯಸ್ಕಾಂತದ ಕ್ಷೇತ್ರವು ಕದಡಿ, ತಾಮ್ರದ ಸುರುಳಿಯಲ್ಲಿ ಅತ್ಯಲ್ಪ ವಿದ್ಯುತ್ತು ಹುಟ್ಟುತ್ತದೆ. ಅದನ್ನು ಆಂಪ್ಲಿಫೈಯರ್ ಹಿಗ್ಗಿಸಿ ಧ್ವನಿಯಾಗಿಸುತ್ತದೆ. ಈ ತತ್ತ್ವದ ಮೇಲೆ ಅಮೆರಿಕದಲ್ಲಿ ಜಾರ್ಜ್ ಬೋಶಾಂ ಮತ್ತು ಅಡಾಲ್ಫ್ ರಿಕೆನ್‌ಬ್ಯಾಕರ್ ಎಂಬವರು ತಯಾರಿಸಿದ ಗಿಟಾರು 1932ರಲ್ಲಿ ಮಾರಾಟಕ್ಕೆ ಬಂದಿತು. ಅದರ ಆಕಾರವನ್ನು ಕಂಡು ಜನ ಅದನ್ನು "ಬಾಣಲೆ" ಎಂದೇ ಕರೆದರು.

ಇಂದಿಗೂ ಕೊಳ್ಳುವವರು ಹೋಲಿಸುವುದು ಹೆಚ್ಚಾಗಿ ಎರಡು ಮನೆತನಗಳ ವಾದ್ಯಗಳನ್ನು. ಕ್ಯಾಲಿಫೋರ್ನಿಯದ ಫುಲರ್ಟನ್ ಎಂಬ ಊರಿನಲ್ಲಿ ರೇಡಿಯೋ ದುರಸ್ತಿ ಮಾಡುತ್ತಿದ್ದ ಲಿಯೋ ಫೆಂಡರ್ ಎಂಬವನು 1950ರಲ್ಲಿ ಗಟ್ಟಿ ಒಡಲಿನ ಗಿಟಾರನ್ನು ಮಾರುಕಟ್ಟೆಗೆ ತಂದನು. ಮರುವರ್ಷ ಅದಕ್ಕೆ ಟೆಲಿಕ್ಯಾಸ್ಟರ್ ಎಂಬ ಹೆಸರಾಯಿತು. 1954ರಲ್ಲಿ ಸ್ಟ್ರಾಟೋಕ್ಯಾಸ್ಟರ್ ಬಂದಿತು. ವಿಚಿತ್ರವೆಂದರೆ ಫೆಂಡರನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ! ನುಡಿಸುವವರನ್ನು ಕೇಳಿ ಕೇಳಿ ತಿದ್ದಿದ ಕಾಯಕಜೀವಿ ಅವನು. ಇನ್ನೊಂದು ಗಿಬ್ಸನ್ ಸಂಸ್ಥೆ. ಮಿಶಿಗನ್ನಿನ ಕಲಮಜೂ ಎಂಬ ಊರಿನಲ್ಲಿದ್ದ ಆ ಸಂಸ್ಥೆಯವರು ಲೆಸ್ ಪಾಲ್ ಎಂಬ ವಾದಕನ ಹೆಸರಿನ ಗಿಟಾರನ್ನು 1952ರಲ್ಲಿ ಹೊರತಂದರು.

ಇವೆರಡರ ಭೇದ ಬರಿಯ ಬಣ್ಣದ್ದಲ್ಲ. ಫೆಂಡರಿನಲ್ಲಿ ನುಡಿಯುವ ತಂತಿಯ ಉದ್ದ ಇಪ್ಪತ್ತೈದೂವರೆ ಅಂಗುಲ, ಗಿಬ್ಸನ್ನಿನಲ್ಲಿ ಇಪ್ಪತ್ತನಾಲ್ಕೂಮುಕ್ಕಾಲು. ಮುಕ್ಕಾಲು ಅಂಗುಲ ಮೋಟಾದುದರಿಂದ ಅದೇ ಶ್ರುತಿಗೆ ತಂತಿಯ ಬಿಗಿ ಕಡಿಮೆ ಸಾಕಾಗುತ್ತದೆ, ಬೆರಳಿಗೆ ಮೆತ್ತಗಾಗುತ್ತದೆ. ಮೊದಲಿನ ಪಿಕಪ್ಪುಗಳಲ್ಲಿ ಒಂದೇ ಸುರುಳಿ. ಸ್ವರ ತಿಳಿಯಾಗಿ ಹರಿತವಾಗಿರುವುದಾದರೂ ಮನೆಯ ವಿದ್ಯುತ್ತಿನ ಗುಂಯ್‌ಗುಡುವಿಕೆಯೂ ಅದರಲ್ಲಿ ಸೇರಿಕೊಳ್ಳುತ್ತದೆ. ಗಿಬ್ಸನ್ನಿನ ಸೇತ್ ಲವರ್ ಎಂಬ ತಂತ್ರಜ್ಞನು ಎರಡು ಸುರುಳಿಗಳನ್ನು ಪರಸ್ಪರ ವಿರುದ್ಧವಾಗಿ ಜೋಡಿಸಿ, ಆ ಸದ್ದು ತನ್ನನ್ನು ತಾನೇ ಅಳಿಸಿಕೊಳ್ಳುವಂತೆ ಮಾಡಿದನು. 1957ರಿಂದ ಗಿಟಾರುಗಳಲ್ಲಿ ಬಂದ ಅದನ್ನು ಹಂಬಕರ್ ಎನ್ನುತ್ತಾರೆ. ಅದರ ದನಿ ದಪ್ಪ, ತುಂಬು. ಹುಡುಗನು ಒಂದೇ ಸ್ವರಮಾಲೆಯನ್ನು ಎರಡರಲ್ಲಿಯೂ ನುಡಿಸಿದಾಗ, ಕಣ್ಣು ಮುಚ್ಚಿ ಕುಳಿತ ನನಗೂ ಭೇದವು ಸ್ಪಷ್ಟವಾಗಿ ತಿಳಿಯಿತು. ಆದುದರಿಂದ "ಎಲ್ಲವೂ ಒಂದೇ" ಎಂಬ ಮಾತನ್ನು ಆ ತಾಯಿಯವರು ಹಿಂತೆಗೆದುಕೊಳ್ಳಬೇಕಾಗುತ್ತದೆ.

ನಡುವೆ ಇನ್ನೊಂದು ಸಂಗತಿ ತಿಳಿದು ಅಚ್ಚರಿಯಾಯಿತು. ಗಿಟಾರಿನ ಕೊರಳಿನ ಮೇಲೆ ಬೆರಳು ಓಡಾಡುವ ಕಪ್ಪುಗೆಂಪು ಪಟ್ಟಿಯನ್ನು ತೋರಿಸಿ "ಇದು ಇಂಡಿಯನ್ ರೋಸ್‌ವುಡ್, ಗುರುಗಳೇ" ಎಂದನು. ಅದು ನಮ್ಮ ಮಲೆನಾಡಿನ ಕಾಡಿನಲ್ಲಿಯೂ ಬೆಳೆಯುವ ಬೀಟೆಯ ಮರ! ಬ್ರೆಜಿಲ್ಲಿನ ಅದೇ ಜಾತಿಯ ಮರ ಅಳಿವಿನಂಚಿಗೆ ಬಂದು 1992ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಷೇಧ ಬಂದಿತು. ಅದಕ್ಕೂ ಮೊದಲೇ ಗಿಟಾರು ತಯಾರಕರು ಬೀಟೆಯತ್ತ ಹೊರಳಿದ್ದರು. 2017ರಲ್ಲಿ ಬೀಟೆಯೂ ಸೇರಿದಂತೆ ಆ ಕುಲದ ಮರಗಳೆಲ್ಲವೂ ನಿಯಂತ್ರಣಕ್ಕೊಳಪಟ್ಟವು. 2019ರಲ್ಲಿ ಸಿದ್ಧವಾದ ಸಂಗೀತವಾದ್ಯಗಳಿಗೆ ವಿನಾಯಿತಿ ದೊರೆಯಿತು. ನಾವು ಕೊಂಡು ಮೂಲೆಗಿಡುವ ಪ್ರತಿಯೊಂದು ವಸ್ತುವಿನ ಹಿಂದೆ ಎಲ್ಲಿಯೋ ಒಂದು ಮರ ಉರುಳಿರುತ್ತದೆಂಬುದನ್ನು ಮರೆಯಲಾಗದು.

ಅನಂತರ ಅವನು ಇನ್ನೆರಡು ಗಿಟಾರುಗಳನ್ನು ತೆಗೆದನು. ಎರಡೂ ಸ್ಟ್ರಾಟೋಕ್ಯಾಸ್ಟರ್ ಮಾದರಿಯವೇ. ಒಂದು ಕಡಿಮೆ ಬೆಲೆಯದು, ಮತ್ತೊಂದು ಅದರ ನಾಲ್ಕರಷ್ಟು ಬೆಲೆಯದು. ಈ ಸಲ ನುಡಿಸಿದ್ದು ಅವನ ಗೆಳೆಯ; ಕಣ್ಣು ಮುಚ್ಚಿ ಕುಳಿತವರು ನಾನೂ ಆ ಹುಡುಗನೂ. ನನಗೆ ಏನೂ ತಿಳಿಯಲಿಲ್ಲ. ಅವನು ಮೊದಲನೆಯ ಸಲ ಸರಿಯಾಗಿ ಹೇಳಿದನು, ಎರಡನೆಯ ಸಲ ತಪ್ಪಿದನು, ಮೂರನೆಯ ಸಲ ಸುಮ್ಮನಾದನು. ಗದಗಿನ ವೀರೇಶ್ವರ ಪುಣ್ಯಾಶ್ರಮ ನನಗೆ ನೆನಪಾಯಿತು. ಪಂಡಿತ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದೆಯೂ ಅನೇಕ ವಾದ್ಯಗಳನ್ನು ವಶಮಾಡಿಕೊಂಡವರು. ಅವರಿಗೆ ವಾದ್ಯದ ಹೊಳಪಿನಿಂದ ಆಗಬೇಕಾದುದೇನೂ ಇರಲಿಲ್ಲ. ಕಿವಿ ಒಪ್ಪಬೇಕು, ಬೆರಳು ಒಪ್ಪಬೇಕು, ಅಷ್ಟೇ.

ಐದನೆಯ ಗಿಟಾರನ್ನು ಅವನು ಗೋಡೆಯಿಂದ ತೆಗೆಯಲೇ ಇಲ್ಲ. ನಾನೇ ಎದ್ದು ಹೋಗಿ ತಂತಿಯ ಮೇಲೆ ಬೆರಳಾಡಿಸಿದೆನು. ಬೆರಳ ತುದಿಗೆ ತುಕ್ಕು ಹತ್ತಿತು. "ಇದನ್ನು ನುಡಿಸಿ ಎಷ್ಟು ದಿನವಾಯಿತಪ್ಪಾ?" ಎಂದೆನು. ಅವನು ಲೆಕ್ಕ ಹಾಕಿ, "ಎಂಟು ತಿಂಗಳಾಗಿರಬೇಕು, ಗುರುಗಳೇ" ಎಂದು ತಲೆ ತಗ್ಗಿಸಿದನು. ನಾನು ಮುಂದೆ ಮಾತನಾಡಲಿಲ್ಲ. ತಾಯಿಯವರು ಕೇಳಿದ ಪ್ರಶ್ನೆಗೆ ಆ ತುಕ್ಕೇ ಉತ್ತರವನ್ನು ಕೊಟ್ಟಿತ್ತು.

ನುಡಿಸುವ ಗಿಟಾರಿನ ತಂತಿಗೂ ಬೆವರು ತಾಗಿ ತುಕ್ಕು ಬರುತ್ತದೆ. ಆದರೆ ನುಡಿಸುವವನು ಅದನ್ನು ಬದಲಿಸುತ್ತಾನೆ. ಕಾಯಕಕ್ಕೆ ಒದಗುವ ವಸ್ತು ಉಪಕರಣ. ಗೋಡೆಗೆ ತೂಗುವ ವಸ್ತು ಹಂಬಲದ ಗುರುತು. ಬಡಗಿಗೆ ನಾಲ್ಕು ಉಳಿಗಳು ಬೇಕಾಗುತ್ತವೆ, ಏಕೆಂದರೆ ನಾಲ್ಕಕ್ಕೂ ಬೇರೆ ಬೇರೆ ಕೆಲಸವಿದೆ. ಎರಡು ದನಿಗಳಿಗೆ ಎರಡು ಗಿಟಾರುಗಳಿದ್ದರೆ ತಪ್ಪೆನ್ನಲಾರೆ. ಕೆಲಸವಿಲ್ಲದೆ ಬಂದ ಮೂರನೆಯದೇ ನಾಲ್ಕನೆಯದನ್ನು ಕರೆಯುತ್ತದೆ. ಹೋಲಿಕೆಗೆ ಕೊನೆಯೆಂಬುದಿಲ್ಲ. ಗಿಬ್ಸನ್ ಸಂಸ್ಥೆಯವರು 1958ರಿಂದ 1960ರವರೆಗೆ ಸಂಜೆಬಣ್ಣದ ಲೆಸ್ ಪಾಲ್ ಗಿಟಾರುಗಳನ್ನು ಸುಮಾರು ಒಂದೂವರೆ ಸಾವಿರ ತಯಾರಿಸಿದ್ದರು. ಆಗ ಅವು ಚೆನ್ನಾಗಿ ಮಾರಾಟವಾಗದೆ ಆ ಮಾದರಿಯನ್ನೇ ನಿಲ್ಲಿಸಿದರು. ಇಂದು ಅವುಗಳಲ್ಲಿ ಒಂದೊಂದಕ್ಕೆ ಲಕ್ಷಾಂತರ ಡಾಲರುಗಳ ಬೆಲೆ. ಹಲಗೆಯೂ ಅದೇ, ತಾಮ್ರವೂ ಅದೇ. ಬೆಳೆದುದು ಜನರ ಹಂಬಲ.

ಈ ಸಂದರ್ಭದಲ್ಲಿ ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯದಿರಲಾಗದು. ಕಲ್ಯಾಣದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುತ್ತಿದ್ದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮನು ಅದನ್ನು ಕಂಡು ಹಿಗ್ಗಲಿಲ್ಲ. ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಗಂಡನಿಗೆ ಹೇಳಿದಳು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಆಕೆ ಅಕ್ಕಿಯನ್ನು ಹಳಿಯಲಿಲ್ಲ, ಆಯುವ ಕಾಯಕವನ್ನೂ ಹಳಿಯಲಿಲ್ಲ. ಅಳತೆ ಮೀರಿದುದನ್ನು ಮಾತ್ರ ತೋರಿಸಿದಳು. ಮಗನ ವಾದ್ಯವನ್ನು "ಕಟ್ಟಿಗೆ" ಎಂದ ತಂದೆಯವರು ಅಳತೆಯನ್ನು ತೋರಿಸಲಿಲ್ಲ, ವಾದ್ಯವನ್ನೇ ಹಳಿದರು. ಮಾತು ಮುರಿದುದು ಅಲ್ಲಿಯೇ.

ಅಂತಹ ತಂದೆಯರಿಗಾಗಿ ಇಂಗ್ಲೆಂಡಿನ ಒಂದು ನಿದರ್ಶನವನ್ನು ಹೇಳುತ್ತೇನೆ. ಕ್ವೀನ್ ಎಂಬ ವಾದ್ಯವೃಂದದ ಬ್ರಯಾನ್ ಮೇ ಎಂಬಾತನಿಗೆ ಬಾಲ್ಯದಲ್ಲಿ ಒಳ್ಳೆಯ ಗಿಟಾರು ಕೊಳ್ಳುವಷ್ಟು ಹಣವಿರಲಿಲ್ಲ. ತಂದೆ ಹೆರಾಲ್ಡ್ ಮೇ ಬೈಯಲಿಲ್ಲ; 1963ರಲ್ಲಿ ಮಗನೊಂದಿಗೆ ಕುಳಿತು ಮನೆಯಲ್ಲಿಯೇ ಗಿಟಾರು ಮಾಡತೊಡಗಿದರು. ಕೊರಳಿಗೆ ಹಳೆಯ ಅಗ್ಗಿಷ್ಟಿಕೆಯ ಚೌಕಟ್ಟಿನ ಮರ, ತಂತಿಯ ಬಿಗಿಯನ್ನು ತಡೆಯಲು ಹಳೆಯ ಮೋಟಾರ್ ಸೈಕಲ್ಲಿನ ಸ್ಪ್ರಿಂಗುಗಳು, ಸ್ವರವನ್ನು ತೂಗಿಸುವ ಹಿಡಿಯ ತುದಿಗೆ ತಾಯಿಯ ಹೆಣಿಗೆಯ ಕಡ್ಡಿಯ ತುಣುಕು. ಅದು ಮುಗಿಯಲು ಸುಮಾರು ಎರಡು ವರ್ಷ ಹಿಡಿಯಿತು. ಮುಂದೆ ಲೋಕಪ್ರಸಿದ್ಧನಾಗಿ ಬೇಕಾದ ಗಿಟಾರನ್ನು ಕೊಳ್ಳುವ ಸಿರಿ ಬಂದ ಮೇಲೆಯೂ ಆತನು ತಂದೆಯೊಡನೆ ಮಾಡಿದ ಆ ಗಿಟಾರನ್ನೇ ಮುಖ್ಯವಾಗಿ ನುಡಿಸುತ್ತ ಬಂದಿದ್ದಾನೆ. ಇಂತಹ ಒಂದು ಮನೆಯಲ್ಲಿರುವುದೇ ಭಾಗ್ಯ.

ಇನ್ನು ಹವ್ಯಾಸಿಗಳಾದ ತರುಣರಿಗೆ ನಾಲ್ಕು ಮಾತು. ಹೊಸದನ್ನು ಕೊಳ್ಳುವ ಮುನ್ನ ಇರುವ ಗಿಟಾರಿಗೆ ಹೊಸ ತಂತಿಗಳನ್ನು ಹಾಕಿಸಿರಿ. ಬಲ್ಲ ಕುಶಲಕರ್ಮಿಯಿಂದ ಕೊರಳಿನ ಬಾಗು, ತಂತಿಯ ಎತ್ತರ, ಸ್ವರಸ್ಥಾನಗಳನ್ನು ಸರಿಪಡಿಸಿರಿ. ಕೈಗೆ ಒಗ್ಗದೆಂದು ದೂರಿದ ವಾದ್ಯವು ಹಲವು ಸಲ ಅಷ್ಟರಿಂದಲೇ ಒಗ್ಗುತ್ತದೆ. ದನಿ ಸಾಲದೆನಿಸಿದರೆ ಕೊರತೆ ಗಿಟಾರಿನದೋ ಆಂಪ್ಲಿಫೈಯರಿನದೋ ಪರೀಕ್ಷಿಸಿರಿ. ಚಿತ್ರ ನೋಡಿ, ಬೆಲೆ ನೋಡಿ ಕೊಳ್ಳದೆ, ಅಂಗಡಿಗೆ ಹೋಗಿ ಕಣ್ಣು ಮುಚ್ಚಿ ನುಡಿಸಿರಿ. ಬೇಕೆನಿಸಿದರೂ ಮೂರು ತಿಂಗಳು ತಡೆಯಿರಿ. ಕಳಚಿ ಹೋಗುವ ಬಯಕೆಗಳು ಅಷ್ಟರಲ್ಲಿ ಕಳಚಿ ಹೋಗುತ್ತವೆ. ಹವ್ಯಾಸಕ್ಕಾಗಿ ಸಾಲ ಮಾಡಬೇಡಿರಿ. ಒಂದು ಮನೆಗೆ ಬಂದರೆ ಇನ್ನೊಂದು, ಕಲಿಯುವ ಆಸೆಯಿದ್ದೂ ಕೊಳ್ಳಲಾರದ ಮಗುವಿನ ಮನೆಗೆ ಹೋಗಲಿ. ಪಿಂಕ್ ಫ್ಲಾಯ್ಡ್ ವೃಂದದ ಡೇವಿಡ್ ಗಿಲ್ಮರ್ 2019ರ ಜೂನ್ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ತನ್ನ 120ಕ್ಕೂ ಹೆಚ್ಚು ಗಿಟಾರುಗಳನ್ನು ಹರಾಜಿಗಿಟ್ಟನು. ತನ್ನ ಹೆಸರಿನೊಡನೆ ಬೆಸೆದುಹೋಗಿದ್ದ ಕಪ್ಪು ಸ್ಟ್ರಾಟೋಕ್ಯಾಸ್ಟರನ್ನೂ ಉಳಿಸಿಕೊಳ್ಳಲಿಲ್ಲ. ಬಂದ ಸುಮಾರು 2 ಕೋಟಿ 15 ಲಕ್ಷ ಡಾಲರುಗಳನ್ನು ಭೂಮಿಯ ಹವಾಮಾನದ ರಕ್ಷಣೆಗಾಗಿ ದುಡಿಯುವ ಸಂಸ್ಥೆಗೆ ಕೊಟ್ಟನು. ದಾಸೋಹವೆಂಬ ಪದವನ್ನು ಆತನು ಕೇಳಿರಲಾರನು. ಮಾಡಿದುದು ಮಾತ್ರ ಅದನ್ನೇ.

ತಾಯಿಯವರಿಗೆ ನಾನು ಬರೆದ ಉತ್ತರ ಚಿಕ್ಕದು: "ಅವ್ವಾ, ತಮ್ಮ ಮಗನಲ್ಲಿ ಹವ್ಯಾಸವೂ ಇದೆ, ಹಂಬಲವೂ ಇದೆ. ಹಂಬಲದ ಮಾತನ್ನು ಆಮೇಲೆ ಆಡೋಣ. ಅವನು ನುಡಿಸುವುದನ್ನು ತಾವು ಒಮ್ಮೆಯಾದರೂ ಕುಳಿತು ಕೇಳಿದ್ದೀರಾ?" ಇಲ್ಲವೆಂದು ಅವರೇ ಮರು ಅಂಚೆಯಲ್ಲಿ ತಿಳಿಸಿದರು. ಹುಡುಗನು ಬಸವಜಯಂತಿಗೆ ಒಂದು ಗಿಟಾರನ್ನು ಊರಿಗೆ ತಂದಿದ್ದನಂತೆ. ತಂದೆಯವರು ಪಡಸಾಲೆಗೆ ಬರಲಿಲ್ಲವಂತೆ. ಆದರೆ ಒಳಮನೆಯ ಬಾಗಿಲನ್ನು ಮುಚ್ಚಿಕೊಳ್ಳಲೂ ಇಲ್ಲವಂತೆ. ಆರನೆಯದರ ಮಾತು ಸದ್ಯಕ್ಕೆ ನಿಂತಿದೆ.

ಕೊನೆಯಲ್ಲಿ ನನ್ನದೊಂದು ಒಪ್ಪೊಪ್ಪಿಗೆ. ಆ ಕೋಣೆಯಿಂದ ಮನೆಗೆ ಮರಳಿದ ಮೇಲೆ ನನ್ನ ಪುಸ್ತಕದ ಕಪಾಟಿನ ಮುಂದೆ ನಿಂತೆನು. ಒಂದೇ ಟೀಕಾಗ್ರಂಥದ ಮೂರು ಮುದ್ರಣಗಳು ಅಲ್ಲಿದ್ದವು. ಪಾಠಾಂತರ ನೋಡಬೇಕೆಂದು ಕೊಂಡವು. ಎರಡರ ಹಾಳೆಗಳನ್ನು ನಾನು ಬಿಡಿಸಿಯೇ ಇರಲಿಲ್ಲ. ಬೆರಳಾಡಿಸಿದೆನು, ತುಕ್ಕಿಗೆ ಬದಲಾಗಿ ಧೂಳು ಹತ್ತಿತು. ಒಂದನ್ನು ಮಠದ ಪ್ರಸಾದನಿಲಯದ ಗ್ರಂಥಾಲಯಕ್ಕೆ ಕೊಟ್ಟು ಬಂದೆನು. ಇನ್ನೊಂದನ್ನು ಕೊಡಲು ಮನಸ್ಸು ಇನ್ನೂ ಹಿಂಜರಿಯುತ್ತಿದೆ. ಮೂರು ತಿಂಗಳ ಗಡುವನ್ನು ನನಗೂ ವಿಧಿಸಿಕೊಂಡಿದ್ದೇನೆ.