ಪಾಠಯೋಜನೆ ಎಲ್ಲಿಯೂ ತೆರೆಯಬೇಕು

ಬನಹಟ್ಟಿಯ ನಮ್ಮ ಮನೆಯಲ್ಲಿ, ಮಗ್ಗದ ಸದ್ದಿನ ನಡುವೆ, 4 ಜಿಬಿ ರ‍್ಯಾಮಿನ ಹಳೆಯ ಕಂಪ್ಯೂಟರ್ ಇದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಬೆಂಬಲ ನಿಂತಿತು. ಹೊಸದು ಕೊಳ್ಳುವ ಮಾತೆತ್ತಿದಾಗ ಅಪ್ಪ ಸುಮ್ಮನಾದರು. ಅದಕ್ಕೇ ಉಚಿತವಾದ ಲಿನಕ್ಸ್ ಮಿಂಟ್ ಹಾಕಿದೆ. ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ ವೈ-ಫೈ, ಧ್ವನಿ, ಪ್ರಿಂಟರ್ ಪರೀಕ್ಷಿಸಿದೆ. ಅಪ್ಪನ ನೂಲಿನ ಲೆಕ್ಕ ಬೇರೆಡೆ ನಕಲಿಸಿಕೊಂಡೇ ಹಳೆಯದನ್ನು ಅಳಿಸಿದೆ. ಆಗಲೂ ಕೈ ನಡುಗಿತು.

ತೊಡಕು ಬಂದದ್ದು ಆಮೇಲೆ. ಅಭ್ಯಾಸ ಬೋಧನೆಯ ಪಾಠಯೋಜನೆಗಳನ್ನು ತೆರೆದರೆ ಕನ್ನಡವೇ ಇಲ್ಲ, ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದೆ. ಅಂಥ ಕಡತದಲ್ಲಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತವೇ. ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕುತ್ತದೆ, ಅಷ್ಟೆ. ಯೂನಿಕೋಡ್‌ನಲ್ಲಿ ‘ಕ’ಕ್ಕೆ ತನ್ನದೇ ಸಂಖ್ಯೆಯಿದೆ: 3221. ಯಾವ ಯಂತ್ರದಲ್ಲೂ ಅದು ‘ಕ’ವೇ.

ಪಾಠಯೋಜನೆಗಳನ್ನು ಯೂನಿಕೋಡ್‌ನಲ್ಲೇ ಸ್ವೀಕರಿಸಬೇಕೆಂದು ನಮ್ಮ ಗುರುಗಳಲ್ಲಿ ನನ್ನ ಕೋರಿಕೆ. ಜಮಖಂಡಿ, ಮುಧೋಳ, ಬೀಳಗಿಯ ಶಾಲೆಗಳಿಗೆ ಹೋಗುವ ನಮಗೆ ಅಲ್ಲಿ ಎಂಥ ಕಂಪ್ಯೂಟರ್ ಸಿಗುವುದೋ ತಿಳಿಯದು. ಟೈಪಿಂಗ್ ಮತ್ತೆ ಕಲಿಯಬೇಕೇ ಎಂದು ಗೆಳೆಯರು ಕೇಳುತ್ತಾರೆ. ಬೇಕಿಲ್ಲ, ಕೈಗೆ ರೂಢಿಯಾದ ಕಗಪ ಕೀಲಿಮಣೆ ಲಿನಕ್ಸ್‌ನಲ್ಲೂ ಇದೆ. ನನ್ನ ಹಳೆಯ ಯೋಜನೆಗಳನ್ನು ಪರಿವರ್ತಕಕ್ಕೆ ಹಾಕಿದೆ, ಕೋಷ್ಟಕಗಳು ಕೆಟ್ಟವು. ದಿನಕ್ಕೊಂದರಂತೆ ಮತ್ತೆ ಟೈಪ್ ಮಾಡುತ್ತಿದ್ದೇನೆ.