ಹಸಿರಿನ ನಾಡಿನಲ್ಲಿ ನೆರಳಿನ ಲೆಕ್ಕ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಹಸಿರಿಗೆ ಕೊರತೆಯಿದೆ ಎಂದರೆ ಭಕ್ತಮಹಾಶಯರು ನಕ್ಕಾರು. ಅಡಿಕೆ, ತೆಂಗು, ರಬ್ಬರು ತೋಟಗಳ ನಡುವೆ ಬೆಳೆದ ಪಟ್ಟಣಗಳಿವು. ಬೆಳ್ತಂಗಡಿಯ ಬೆನ್ನಿಗಂತೂ ಪಶ್ಚಿಮಘಟ್ಟವೇ ನಿಂತಿದೆ. ಆದರೂ ವೈಶಾಖದ ಮಧ್ಯಾಹ್ನ ಹೆದ್ದಾರಿಯ ಅಂಚಿನಲ್ಲಿ ಬಸ್ಸಿಗೆ ಕಾಯುವವರು ನೆರಳಿಗಾಗಿ ಅಂಗಡಿಯ ಜಗಲಿಯನ್ನೇ ಹುಡುಕಬೇಕಾಗಿದೆ.

ಪಟ್ಟಣದ ಹಸಿರನ್ನು ಅಳೆಯಲು 2021ರಲ್ಲಿ ನಗರ ಅರಣ್ಯ ತಜ್ಞ ಸೆಸಿಲ್ ಕೊನೈನೆಂಡೈಕ್ ಅವರು ಸರಳವಾದ ಸೂತ್ರವೊಂದನ್ನು ಮುಂದಿಟ್ಟರು. ಪ್ರತಿಯೊಂದು ಮನೆಯಿಂದ 3 ಮರಗಳಾದರೂ ಕಾಣಬೇಕು. ಪ್ರತಿ ಬಡಾವಣೆಯ ಶೇ. 30ರಷ್ಟು ಭಾಗವನ್ನು ಮರಗಳ ಮೇಲ್ಛಾವಣಿ ಆವರಿಸಿರಬೇಕು. ಉದ್ಯಾನವೋ ಹಸಿರು ತಾಣವೋ 300 ಮೀಟರಿನೊಳಗೆ ದೊರೆಯಬೇಕು. ನಮ್ಮ ದೇಶದಲ್ಲಿಯೂ 2014ರ ಕೇಂದ್ರ ನಗರ ಯೋಜನಾ ಮಾರ್ಗಸೂಚಿಯು ತಲಾ 10ರಿಂದ 12 ಚದರ ಮೀಟರು ತೆರೆದ ಜಾಗವಿರಬೇಕೆಂದು ಸೂಚಿಸಿದೆ.

ಕರಾವಳಿಯಲ್ಲಿ ಈ ಅಳತೆ ಎಡವುವುದು ಎರಡನೆಯ ಅಂಶದಲ್ಲಿ. ಉಪಗ್ರಹದ ಚಿತ್ರದಲ್ಲಿ ರಬ್ಬರು ತೋಟವೂ ಹಸಿರೇ, ಊರ ನಡುವಿನ ಅಶ್ವತ್ಥದ ಕಟ್ಟೆಯೂ ಹಸಿರೇ. ಬೇಲಿ ಹಾಕಿದ ತೋಟದ ಹಸಿರು ಅದರ ಒಡೆಯನದು. ಬೀಡಿ ಕಟ್ಟಿ ಬ್ರಾಂಚಿಗೆ ಒಯ್ಯುವ ತಾಯಂದಿರಿಗಾಗಲಿ, ಮೂಡುಬಿದಿರೆಯ ಕಾಲೇಜುಗಳಿಗೆ ನಡೆದು ಹೋಗುವ ಮಕ್ಕಳಿಗಾಗಲಿ ಅದರಡಿ ಕೂರುವ ಅವಕಾಶವಿಲ್ಲ. ಶೇಕಡಾವಾರು ಲೆಕ್ಕದಲ್ಲಿ ಪಟ್ಟಣ ಸುಲಭವಾಗಿ ತೇರ್ಗಡೆಯಾಗುತ್ತದೆ, ನಡೆಯುವವನು ಮಾತ್ರ ಬಿಸಿಲಿನಲ್ಲಿಯೇ ಉಳಿಯುತ್ತಾನೆ.

ಎಲ್ಲರಿಗೂ ಸಲ್ಲುತ್ತಿದ್ದ ನೆರಳೆಂದರೆ ಸಾಲುಮರಗಳದು. ಕುಲಶೇಖರದಿಂದ ಮೂಡುಬಿದಿರೆಯ ಮೂಲಕ ಸಾಣೂರಿಗೆ, ಬಿ.ಸಿ. ರೋಡಿನಿಂದ ಅಡ್ಡಹೊಳೆಗೆ, ಪುಂಜಾಲಕಟ್ಟೆಯಿಂದ ಚಾರ್ಮಾಡಿಗೆ ಹೆದ್ದಾರಿಗಳು ಅಗಲವಾಗುತ್ತಿರುವಾಗ ಮೊದಲು ಬಿದ್ದುದು ಅವೇ. ರಸ್ತೆ ಬೇಡವೆನ್ನಲಾಗದು, ಘಾಟಿಯ ತಿರುವುಗಳಲ್ಲಿ ಸಿಲುಕಿದ ಆಂಬುಲೆನ್ಸಿನ ಕಷ್ಟ ಎಲ್ಲರೂ ಬಲ್ಲರು. ಆದರೆ ಒಂದು ಹಳೆಯ ಗೋಳಿಮರಕ್ಕೆ ಬದಲಾಗಿ ದೂರದಲ್ಲೆಲ್ಲೋ ಹತ್ತು ಸಸಿ ನೆಟ್ಟರೆ ಕಡತದಲ್ಲಿ ಒಂಬತ್ತು ಮರಗಳ ಲಾಭ ಕಾಣುತ್ತದೆ. ಬಸ್ ನಿಲ್ದಾಣಕ್ಕೆ ಅದರಿಂದ ದೊರೆತ ನೆರಳು ಸೊನ್ನೆ.

300 ಮೀಟರಿನ ಅಳತೆಯಲ್ಲೂ ಎಚ್ಚರ ಬೇಕು. ನಕ್ಷೆಯ ಮೇಲೆ ಗೆರೆ ಎಳೆದರೆ ಹತ್ತಿರವೆನಿಸುವ ತಾಣಕ್ಕೆ, ನಡುವೆ ಚತುಷ್ಪಥವಿದ್ದರೆ, ವೃದ್ಧರೊಬ್ಬರು ಎಷ್ಟು ಸುತ್ತಿ ಹೋಗಬೇಕು? ಮೂಡುಬಿದಿರೆಗೆ ಕಡಲಕೆರೆಯ ನಿಸರ್ಗಧಾಮವಿದೆ, ಸಂತೋಷ. ವಾಹನವಿಲ್ಲದೆ ಅಲ್ಲಿಗೆ ತಲುಪಬಲ್ಲ ಮನೆಗಳೆಷ್ಟು ಎಂಬುದೇ ಎಣಿಸಬೇಕಾದ ಸಂಖ್ಯೆ.

ಇದಕ್ಕೆ ಹೊಸ ಕಾನೂನೇನೂ ಬೇಕಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯು ವೃಕ್ಷ ಪ್ರಾಧಿಕಾರಕ್ಕೆ ವಹಿಸಿರುವ ಕರ್ತವ್ಯಗಳಲ್ಲಿ ಮರಗಳ ಗಣತಿಯೂ ಒಂದು. ಎರಡು ಪುರಸಭೆಗಳೂ ಬೆಳ್ತಂಗಡಿಯ ಪಟ್ಟಣ ಪಂಚಾಯಿತಿಯೂ ವಾರ್ಡುವಾರು ಗಣತಿಗೆ ಒತ್ತಾಯಿಸಿ, ಅದರಲ್ಲಿ ಸಾರ್ವಜನಿಕ ಮರ ಮತ್ತು ಖಾಸಗಿ ತೋಟಕ್ಕೆ ಬೇರೆ ಬೇರೆ ಅಂಕಣ ಇರಿಸಬಹುದು. ಬಡಾವಣೆಯ ನಕ್ಷೆಗಳಲ್ಲಿ ಉದ್ಯಾನವೆಂದು ಬಿಟ್ಟ ಜಾಗಗಳು ಇಂದು ಏನಾಗಿವೆಯೆಂಬುದೂ ಅದೇ ಸುತ್ತಿನಲ್ಲಿ ತಿಳಿದೀತು.